ಟ್ರಾಯ್‌ನಿಂದ ಮುಧೋಳಕ್ಕೆ



ಗ್ರೀಕರ ಮತ್ತು ರೋಮನ್ನರ ವೀರಗಾಥೆಗಳೆಂದ ಕೂಡಲೇ ನಮ್ಮಲ್ಲಿ ಬಹುತೇಕರ ಕಣ್ಣ ಮುಂದೆ ನಿಲ್ಲುವುದು ತೋಳ್ಬಲದ ಚಿತ್ರ. ಸಿಂಹದ ಚರ್ಮ ಹೊದ್ದು ಗದೆ ಹಿಡಿದ ಹರ್ಕ್ಯುಲಿಸ್, ಹಿಮ್ಮಡಿಯೊಂದನ್ನು ಬಿಟ್ಟು ಮೈಯೆಲ್ಲ ವಜ್ರವಾಗಿದ್ದ ಅಖಿಲೀಸ್, ಮರದ ಕುದುರೆಯ ಹೊಟ್ಟೆಯಲ್ಲಿ ಉಸಿರು ಬಿಗಿಹಿಡಿದು ಕುಳಿತ ಯೋಧರು. ಇಂಗ್ಲಿಷ್ ಪಾಠಪುಸ್ತಕಗಳು ಕಲಿಸಿದ್ದೂ ಇಷ್ಟೇ, ಈಗಿನ ಸಿನಿಮಾಗಳು ತೋರಿಸುವುದೂ ಇಷ್ಟೇ. ಆದರೆ ಮೂಲಕಾವ್ಯದ ಬಳಿಗೆ ಹೋದರೆ ಒಂದು ಅಚ್ಚರಿ ಕಾದಿರುತ್ತದೆ. ಹೋಮರನ ಇಲಿಯಡ್‌ನಲ್ಲಿ ಅಖಿಲೀಸನ ಹಿಮ್ಮಡಿಯ ಕಥೆಯೇ ಇಲ್ಲ. ಅದು ನಮಗೆ ದೊರೆಯುವುದು ಕ್ರಿ.ಶ. ಮೊದಲ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಮರದ ಕುದುರೆಯೂ ಇಲಿಯಡ್‌ನಲ್ಲಿ ಬರುವುದಿಲ್ಲ. ಅದನ್ನು ವಿಸ್ತಾರವಾಗಿ ವರ್ಣಿಸಿದವನು ರೋಮನ್ನರ ವರ್ಜಿಲ್. ಇಲಿಯಡ್ ಮುಗಿಯುವುದು ಟ್ರಾಯ್ ಪಟ್ಟಣದ ಪತನದಿಂದಲೂ ಅಲ್ಲ. ಮಗನನ್ನು ಕೊಂದವನ ಕೈಗೆ ಮುತ್ತಿಟ್ಟು ಮಗನ ಶವವನ್ನು ಬೇಡಿ ತರುವ ಮುದುಕ ಅರಸ ಪ್ರಯಾಮ್, ಮತ್ತು ಆ ಮಗ ಹೆಕ್ಟರನ ಅಂತ್ಯಕ್ರಿಯೆ, ಇಷ್ಟರಲ್ಲಿ ಕಾವ್ಯಕ್ಕೆ ಮಂಗಳ. ಜಗತ್ತಿನ ಅತ್ಯಂತ ಪ್ರಸಿದ್ಧ ಯುದ್ಧಕಾವ್ಯ ತನ್ನ ಕೊನೆಯ ಸಾಲನ್ನು ಶತ್ರುಪಕ್ಷದ ಒಂದು ಶವಕ್ಕೆ ಮೀಸಲಿಟ್ಟಿದೆ.

ವೀರನು ಗೆದ್ದದ್ದು ಎಷ್ಟು ಎಂಬುದಕ್ಕಿಂತ, ಬಿದ್ದ ವೀರನಿಗೆ ಉಳಿದವರು ಏನು ಮಾಡಿದರು ಎಂಬುದೇ ಈ ಕಥೆಗಳ ತಿರುಳು ಎಂದು ನನಗೆ ವರ್ಷಗಳಿಂದ ಅನ್ನಿಸುತ್ತ ಬಂದಿದೆ. ಹಾಗೆ ಅನ್ನಿಸಲು ಕಾರಣ ಗ್ರೀಸ್ ದೇಶವಲ್ಲ, ನಮ್ಮ ಬಾದಾಮಿ, ಹುನಗುಂದ, ಮುಧೋಳದ ಸೀಮೆ. ಅದನ್ನು ಈ ಲೇಖನದಲ್ಲಿ ನಿವೇದಿಸುವೆ.

ಗ್ರೀಕರಿಗೂ ನಮಗೂ ಎತ್ತಣ ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಇಲ್ಲದಿಲ್ಲ. ನಮ್ಮಿಂದ ದೂರವಲ್ಲದ ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬವನ್ನು ಅಗೆದಾಗ ಗ್ರೀಕರ ಸಮುದ್ರದೇವತೆ ಪೊಸೈಡನ್‌ನ ಪುಟ್ಟ ಕಂಚಿನ ವಿಗ್ರಹ ದೊರೆತಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ದೊರೆತಿವೆ. ಈಜಿಪ್ತಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂದು ಮಂಜೇಶ್ವರದ ಗೋವಿಂದ ಪೈಗಳಾದಿಯಾಗಿ ಹಲವರು ವಾದಿಸಿದ್ದು ನಿಮಗೆ ತಿಳಿದೇ ಇದೆ. ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ನನ್ನ ಮಾತು ಯಾರು ಯಾರಿಂದ ಕಡ ತಂದರು ಎಂಬುದರ ಕುರಿತಲ್ಲ. ಒಬ್ಬರ ಹೆಸರನ್ನೊಬ್ಬರು ಕೇಳದ ಜನ ಒಂದೇ ಪ್ರಶ್ನೆಯನ್ನು ಎದುರಿಸಿದ ಬಗೆ ನನ್ನ ವಿಷಯ.

ಗ್ರೀಕ್ ಭಾಷೆಯ ‘ಹೀರೋಸ್’ ಎಂಬ ಶಬ್ದದ ಇತಿಹಾಸವನ್ನೇ ನೋಡಿ. ಹೋಮರನಲ್ಲಿ ಅದು ಯೋಧನಿಗೆ ಸಲ್ಲುವ ಗೌರವದ ಮಾತು. ಮುಂದಿನ ಶತಮಾನಗಳಲ್ಲಿ ಅದು ಸತ್ತು, ಸಮಾಧಿಯಲ್ಲಿದ್ದು, ಊರವರಿಂದ ಪೂಜೆ ಪಡೆಯುವವನ ಹೆಸರಾಯಿತು. ಒಲಿಂಪಸ್ಸಿನ ದೇವತೆಗಳಿಗೆ ಹೋಮದ ಹೊಗೆ ಮೇಲಕ್ಕೆ ಏರಬೇಕು. ವೀರನಿಗಾದರೋ ಅನೇಕ ಕಡೆ ಬಲಿಯ ರಕ್ತವನ್ನು ನೆಲಕ್ಕೆ ಸುರಿಯುತ್ತಿದ್ದರು, ಮಣ್ಣೊಳಗಿನವನಿಗೆ ತಲುಪಲೆಂದು. ಅವನ ಎಲುಬು ಇದ್ದ ಊರಿಗೆ ರಕ್ಷೆ. ತೆಗಿಯ ಎಂಬ ಊರನ್ನು ಎಷ್ಟು ಯತ್ನಿಸಿದರೂ ಗೆಲ್ಲಲಾಗದ ಸ್ಪಾರ್ಟಾದವರಿಗೆ ಓರೆಸ್ಟಿಸ್ ಎಂಬ ವೀರನ ಎಲುಬುಗಳನ್ನು ತರಬೇಕೆಂದು ಕಣಿ ಆಯಿತಂತೆ. ಹುಡುಕಿದಾಗ ಅವು ಒಬ್ಬ ಕಮ್ಮಾರನ ಸಾಲೆಯ ನೆಲದಡಿ, ಏಳು ಮೊಳದ ಪೆಟ್ಟಿಗೆಯಲ್ಲಿ ಸಿಕ್ಕವು ಎಂದು ಹೆರೊಡೊಟಸ್ ಬರೆಯುತ್ತಾನೆ. ಅಥೆನ್ಸಿನವರು ತಮ್ಮ ಥೀಸಿಯಸ್‌ನ ಎಲುಬುಗಳೆಂದು ನಂಬಿ ಸ್ಕೈರೋಸ್ ದ್ವೀಪದಿಂದ ಮೆರವಣಿಗೆಯಲ್ಲಿ ತಂದರು. ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಬಯಲಲ್ಲಿ ಪರ್ಷಿಯನ್ನರ ವಿರುದ್ಧ ಹೋರಾಡಿ ಮಡಿದ 192 ಅಥೆನ್ಸಿಗರನ್ನು ಅಲ್ಲಿಯೇ ಮಣ್ಣುಮಾಡಿ ದಿಬ್ಬ ಎತ್ತಿದರು. ಅವರ ಹೆಸರುಗಳನ್ನು ಕುಲವಾರು ಕಲ್ಲಿನಲ್ಲಿ ಕೆತ್ತಿಸಿದರು, ವೀರರೆಂದು ಪೂಜಿಸಿದರು. ಅವರು ಅರಸುಮಕ್ಕಳಲ್ಲ. ಆ ದಿಬ್ಬ ಈಗಲೂ ಇದೆ.

ಹೆಸರು, ಕಲ್ಲು, ಪೂಜೆ. ಇಷ್ಟು ಹೇಳಿದ ಮೇಲೆ ನಿಮಗೆ ವೀರಗಲ್ಲು ನೆನಪಾಗದಿರದು. ಐಹೊಳೆಯ ಗುಡಿಗಳನ್ನು ನೋಡಹೋದವರು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಅವನ್ನು ಕಂಡಿರುತ್ತೀರಿ. ನಮ್ಮ ನಾಡಿನ ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯ ಪಕ್ಕ, ಅಗಸಿಯ ಬದಿ, ಹೊಲದ ಬದುವಿನಲ್ಲಿ ಇಂಥ ಕಲ್ಲುಗಳು ನಿಂತಿರುವುದುಂಟು. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ದೃಶ್ಯ. ಮೇಲೆ ಅವನು ಶಿವಲಿಂಗದ ಮುಂದೆ, ಜೈನನಾದರೆ ಜಿನನ ಮುಂದೆ, ಕೈಮುಗಿದು ಕುಳಿತಿರುವುದು. ಈ ಕಲ್ಲುಗಳನ್ನು ಕುರಿತು ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಎಂಬ ಗ್ರಂಥವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1982ರಲ್ಲಿ ಷ. ಶೆಟ್ಟರ್ ಮತ್ತು ಸೊಂಥೈಮರ್ ಸಂಪಾದಿಸಿದ ಇಂಗ್ಲಿಷ್ ಸಂಪುಟವನ್ನು ಹೊರತಂದಿತು. ಆಸಕ್ತರು ಓದಬೇಕು.

ಇನ್ನು ಆ ಕೆಳಗಿನ ಅಂಕಣವನ್ನು ಬಾಗಿ ನೋಡಿದರೆ ಅನೇಕ ಕಲ್ಲುಗಳಲ್ಲಿ ಯೋಧರ ಬೆನ್ನ ಹಿಂದೆ ಆಕಳುಗಳು ಸಾಲಾಗಿ ನಿಂತಿರುತ್ತವೆ. ಇದು ‘ತುರುಗೋಳ್’. ತುರು ಎಂದರೆ ದನ, ಗೋಳ್ ಎಂದರೆ ಸೆರೆಹಿಡಿದು ಒಯ್ಯುವುದು. ಹಳ್ಳಿಯ ಸಂಪತ್ತೆಂದರೆ ದನ, ಅದನ್ನು ಕಳೆದುಕೊಂಡ ಊರು ಉಪವಾಸ ಬಿದ್ದಂತೆಯೇ. ಹೀಗಾಗಿ ವೀರಗಲ್ಲುಗಳ ಶಾಸನಗಳಲ್ಲಿ ಮತ್ತೆ ಮತ್ತೆ ತುರುಗೋಳಿನ ಮಾತು ಬರುತ್ತದೆ.

ಗ್ರೀಕರ ವೀರಕಥೆಗಳಿಂದ ದನಗಳನ್ನು ಹೊರಗೆ ಹೊಡೆದರೆ ಅರ್ಧ ಕಥೆಗಳು ಖಾಲಿಯಾಗುತ್ತವೆ ಎಂಬುದನ್ನು ಹೆಚ್ಚು ಜನ ಗಮನಿಸಿಲ್ಲ! ಹೆರಾಕ್ಲೀಸ್, ಅಂದರೆ ನಮ್ಮ ಹರ್ಕ್ಯುಲಿಸ್, ಮಾಡಿದ ಹನ್ನೆರಡು ಸಾಹಸಗಳಲ್ಲಿ ಹತ್ತನೆಯದು ಪಡುವಣ ಕಡಲಿನಾಚೆಯ ಗೆರಿಯೋನ್ ಎಂಬ ಮೂರು ಮೈಯ ರಾಕ್ಷಸನ ದನಗಳನ್ನು ಹೊಡೆದುಕೊಂಡು ಬರುವುದು. ಸಾಕ್ಷಾತ್ ತುರುಗೋಳ್. ಆ ದನಗಳೊಡನೆ ಅವನು ಈಗಿನ ರೋಮ್ ನಗರದ ಜಾಗದಲ್ಲಿ ತಂಗಿದ್ದಾಗ ಕಾಕಸ್ ಎಂಬ ಬೆಂಕಿಯುಗುಳುವ ಕಳ್ಳ ಕೆಲವು ದನಗಳನ್ನು ಬಾಲ ಹಿಡಿದು ಹಿಂದುಹಿಂದಕ್ಕೆ ಗವಿಗೆ ಎಳೆದನಂತೆ, ಗೊರಸಿನ ಹೆಜ್ಜೆಗಳು ಗವಿಯಿಂದ ಹೊರಗೆ ಹೋದಂತೆ ಕಾಣಲೆಂದು. ಒಳಗಿದ್ದ ಒಂದು ಆಕಳು ‘ಅಂಬಾ’ ಎಂದು ಗುಟ್ಟು ಬಿಟ್ಟುಕೊಟ್ಟಿತು, ಕಾಕಸ್ ಸತ್ತ. ವರ್ಜಿಲ್ ಇದನ್ನು ತನ್ನ ಈನಿಯಡ್‌ನ ಎಂಟನೆಯ ಸರ್ಗದಲ್ಲಿ ಬಹಳ ಸೊಗಸಾಗಿ ಹೇಳಿದ್ದಾನೆ. ಆ ಗೆಲುವಿನ ಗುರುತಾಗಿ ರೋಮನ್ನರು ಹರ್ಕ್ಯುಲಿಸನಿಗೆ ಮಹಾವೇದಿಕೆಯೊಂದನ್ನು ಕಟ್ಟಿ ಪೂಜಿಸುತ್ತಿದ್ದುದು ಎಲ್ಲಿ ಬಲ್ಲಿರಾ? ನಗರದ ದನದ ಪೇಟೆಯ ಬಳಿ! ದನದ ಸಂತೆಯಲ್ಲಿ ಅಡ್ಡಾಡಿ ಬೆಳೆದ ನಮ್ಮ ಸೀಮೆಯ ಹುಡುಗರಿಗೆ ಹರ್ಕ್ಯುಲಿಸ್ ಪರಕೀಯನಾಗಬೇಕಾಗಿಲ್ಲ.

ಆದರೆ ಒಂದು ವ್ಯತ್ಯಾಸ ದೊಡ್ಡದು. ಇಲಿಯಡ್‌ನಲ್ಲಿ ಮುದುಕ ನೆಸ್ಟರ್ ತಾನು ಹುಡುಗನಾಗಿದ್ದಾಗ ನೆರೆನಾಡಿನ ದನಕುರಿಗಳನ್ನು ದೋಚಿ ತಂದುದನ್ನೂ, ಅದಕ್ಕೆ ತನ್ನ ತಂದೆ ಹಿಗ್ಗಿದುದನ್ನೂ ಸಂಭ್ರಮದಿಂದ ಹೇಳಿಕೊಳ್ಳುತ್ತಾನೆ. ಅಲ್ಲಿ ಹಾಡಿಗೆ ವಸ್ತುವಾಗುವವನು ತುರು ತಂದವನು. ನಮ್ಮ ಕಲ್ಲುಗಳಲ್ಲಿ ಬಹುಮಟ್ಟಿಗೆ ನೆನಪಾಗಿ ಉಳಿದವನು ತುರುವನ್ನು ಮರಳಿಸಲು ಹೋಗಿ ಸತ್ತವನು. ವಿರಾಟಪರ್ವದಲ್ಲಿ ಗೋಗ್ರಹಣಕ್ಕೆ ಬಂದವನು ಸ್ವತಃ ದುರ್ಯೋಧನ, ಅವನು ಆ ಪ್ರಸಂಗದಲ್ಲಿ ಸೋತು ನಗೆಗೀಡಾಗುತ್ತಾನೆ. ಈ ದುರ್ಯೋಧನನ ಮಾತು ಮುಂದೆ ಬರಲಿದೆ.

ನಾನು ಕೆರೂರಿನಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ ಎಂಟನೆಯ ತರಗತಿಗೆ ಅಖಿಲೀಸನ ಕಥೆ ಹೇಳುತ್ತಿದ್ದೆ. ಬಹುಕಾಲ ಬಾಳಿ ಹೆಸರಿಲ್ಲದೆ ಅಳಿಯುವುದೋ, ಬೇಗ ಸತ್ತು ಅಳಿಯದ ಕೀರ್ತಿ ಪಡೆಯುವುದೋ ಎಂಬ ಆಯ್ಕೆ ಅವನ ಮುಂದಿತ್ತು, ಅವನು ಕೀರ್ತಿಯನ್ನು ಆರಿಸಿಕೊಂಡ ಎಂದು ವಿವರಿಸಿದಾಗ ನೇಕಾರರ ಮನೆಯ ಹುಡುಗನೊಬ್ಬ ಎದ್ದು, “ಸರ್, ಅಂವಾ ಸತ್ತ ಮ್ಯಾಲೆ ಅವನ ಮನಿಯವರಿಗೆ ಏನ್ ಸಿಕ್ತ್ರೀ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಮಗ್ಗದ ಮುಂದೆ ಕುಳಿತ ತಂದೆ ಹಾಸಿಗೆ ಹಿಡಿದರೆ ಮರುವಾರ ಮನೆಯಲ್ಲಿ ಏನಾಗುತ್ತದೆಂದು ಬಲ್ಲ ಹುಡುಗ ಕೇಳುವ ಪ್ರಶ್ನೆ ಅದು. ವೀರಕಾವ್ಯವನ್ನು ಕುರಿತು ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಇದುವರೆಗೆ ಕೇಳಿಲ್ಲ.

ಏಕೆಂದರೆ ಹೋಮರನೇ ಅದನ್ನು ಕೇಳಿದ್ದಾನೆ. ಹೆಕ್ಟರ್ ಸತ್ತನೆಂದು ತಿಳಿದಾಗ ಅವನ ಹೆಂಡತಿ ಆಂಡ್ರೊಮಾಕಿ ಅಳುವುದು ಗಂಡನ ಶೌರ್ಯವನ್ನು ನೆನೆದಲ್ಲ, ಮಗನ ನಾಳೆಯನ್ನು ನೆನೆದು. ತಬ್ಬಲಿಯಾದ ಕೂಸು ತಂದೆಯ ಗೆಳೆಯರ ಊಟದ ಪಂಕ್ತಿಗೆ ಹೋಗಿ ಒಬ್ಬನ ಮೇಲುಹೊದಿಕೆ, ಇನ್ನೊಬ್ಬನ ಅಂಗಿ ಜಗ್ಗುತ್ತಾನೆ. ಕನಿಕರಪಟ್ಟ ಯಾರೋ ತುಟಿ ನೆನೆಯುವಷ್ಟು, ಅಂಗುಳ ನೆನೆಯದಷ್ಟು ಕುಡಿಯಲು ಕೊಡುತ್ತಾನೆ. ತಂದೆತಾಯಿ ಇರುವ ಇನ್ನೊಬ್ಬ ಹುಡುಗ ಹೊಡೆದು ಹೊರಗಟ್ಟುತ್ತಾನೆ. ಇದು ಅವಳ ಕಣ್ಣಿಗೆ ಕಾಣುವ ಭವಿಷ್ಯ. ಒಡಿಸ್ಸಿಯಲ್ಲಿ ಅಖಿಲೀಸನ ಪ್ರೇತವೇ ಪಾತಾಳದಲ್ಲಿ ಒಡಿಸ್ಸಿಯಸ್‌ನಿಗೆ, ಸತ್ತವರಿಗೆಲ್ಲ ಅರಸನಾಗಿರುವುದಕ್ಕಿಂತ ಭೂಮಿಯ ಮೇಲೆ ಬಡವನೊಬ್ಬನ ಹೊಲದಲ್ಲಿ ಕೂಲಿಯಾಗಿರುವುದೇ ಲೇಸು ಎನ್ನುತ್ತಾನೆ. ಕೀರ್ತಿಯನ್ನು ಆರಿಸಿಕೊಂಡವನ ಬಾಯಿಂದ ಬಂದ ಮಾತು ಇದು. ನಮ್ಮ ವೀರಗಲ್ಲಿನ ಮೇಲಂಕಣಕ್ಕೆ ಇಂಥ ಸಂಶಯ ಹೊಳೆದಿಲ್ಲ. ಕಲ್ಲುಕುಟಿಗನ ಕೆಲಸ ಸಂತೈಸುವುದಾಗಿತ್ತು.

ಸಂತೈಸುವುದಷ್ಟೇ ಅಲ್ಲ, ಹುಡುಗನ ಪ್ರಶ್ನೆಗೆ ನಮ್ಮ ಶಾಸನಗಳು ನೇರ ಉತ್ತರವನ್ನೇ ಕೊಡುತ್ತವೆ. ಊರಿಗಾಗಿ ರಕ್ತ ಚೆಲ್ಲಿದವನ ಮನೆತನಕ್ಕೆ ಬಿಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂದು ಹೆಸರು. ಕಲ್ಲು ನಿಲ್ಲಿಸಿ ಬಿಟ್ಟ ದತ್ತಿಗೆ ‘ಕಲ್ನಾಟು’. ಸಾವಿಗೆ ಬೆಲೆ ಕಟ್ಟಲಾಗದು, ಆದರೆ ಉಳಿದವರ ತುತ್ತಿಗೆ ಅಳತೆಯಿದೆ, ಅದು ಇಂತಿಷ್ಟು ಕೊಳಗ ಬಿತ್ತುವ ನೆಲ. ಗ್ರೀಕರಲ್ಲಿ ಇದಕ್ಕೆ ಹತ್ತಿರವಾದದ್ದು ಅಥೆನ್ಸಿನ ಪದ್ಧತಿ: ಯುದ್ಧದಲ್ಲಿ ಮಡಿದವರ ಮಕ್ಕಳನ್ನು ಅವರು ಪ್ರಾಯಕ್ಕೆ ಬರುವತನಕ ನಗರವೇ ಸಾಕುತ್ತಿತ್ತು. ಪೆರಿಕ್ಲಿಸ್‌ನ ಸುಪ್ರಸಿದ್ಧ ಭಾಷಣ ಮುಗಿಯುವುದು ಬಹುತೇಕ ಈ ಆಶ್ವಾಸನೆಯೊಂದಿಗೆ. ಅದರ ಮೊದಲ ಭಾಗವನ್ನು, ಅಂದರೆ ನಗರದ ಹೊಗಳಿಕೆಯನ್ನು, ಎಲ್ಲರೂ ಉದ್ಧರಿಸುತ್ತಾರೆ; ಈ ಭಾಗವನ್ನು ಯಾರೂ ನೆನೆಯುವುದಿಲ್ಲ.

ಈ ಋಣ ಮನುಷ್ಯರಿಗೇ ನಿಲ್ಲಲಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಕಲ್ಲನ್ನು ನೀವು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಹತ್ತನೆಯ ಶತಮಾನದ ನಡುಭಾಗದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ 949ರ ಯುದ್ಧದಲ್ಲಿ ಗಂಗರ ಬೂತುಗನ ಸೇವಕ ಮಣಲೆರನು ಪರಾಕ್ರಮ ಮೆರೆದ. ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಸಲ್ಲಿಸದೆ ಊಟ ಮಾಡಕೂಡದೆಂಬ ಕಟ್ಟಳೆಯೂ ಇದೆ. ಗ್ರೀಕರಲ್ಲಿ ಕ್ಯಾಲಿಡಾನ್ ಎಂಬಲ್ಲಿಯ ಹಂದಿಯನ್ನು ಬೇಟೆಯಾಡಲು ನಾಡಿನ ವೀರರೆಲ್ಲ ನೆರೆದು, ಚರ್ಮ ಯಾರಿಗೆಂದು ಜಗಳ ತೆಗೆದು ಹೊಡೆದಾಡಿ ಸತ್ತ ಕಥೆಯಿದೆ. ಒಡಿಸ್ಸಿಯಸ್ ಇಪ್ಪತ್ತು ವರ್ಷಗಳ ಮೇಲೆ ಮನೆಗೆ ಬಂದಾಗ ತಿಪ್ಪೆಯ ಮೇಲೆ ಮಲಗಿದ್ದ ಮುದಿನಾಯಿ ಆರ್ಗೋಸ್ ಮಾತ್ರ ವೇಷ ಮರೆಸಿಕೊಂಡ ಯಜಮಾನನನ್ನು ಗುರುತಿಸಿ, ಬಾಲ ಆಡಿಸಿ ಪ್ರಾಣ ಬಿಟ್ಟ ಕಥೆಯೂ ಇದೆ. ಆರ್ಗೋಸ್‌ಗೆ ಹೋಮರನ ಕಾವ್ಯದಲ್ಲಿ ಜಾಗ ಸಿಕ್ಕಿತು. ಕಾಳಿಗೆ ಹೊಲ ಸಿಕ್ಕಿತು.

ನಮ್ಮವರಿಗೆ ಇನ್ನೊಂದು ಸ್ವಾರಸ್ಯ. ಅದೇ ಕಲ್ಲಿನ ಮೇಲೆ, ಚೋಳ ರಾಜಾದಿತ್ಯನನ್ನು ಕೊಂದದ್ದಕ್ಕೆ ಬೂತುಗನಿಗೆ ಕೃಷ್ಣ ಕೊಟ್ಟ ನಾಡುಗಳ ಪಟ್ಟಿಯಿದೆ: ಬನವಾಸಿ, ಬೆಳ್ವೊಲ, ಪುರಿಗೆರೆ, ಕಿಸುಕಾಡು, ಬಾಗೆನಾಡು. ಕಿಸುಕಾಡು ಎಂದರೆ ಪಟ್ಟದಕಲ್ಲಿನ ಸೀಮೆ, ಬಾಗೆನಾಡು ಬಾಗಲಕೋಟೆಯ ಸೀಮೆ. ನಾಯಿಯೊಂದರ ನೆನಪಿಗೆ ನಿಂತ ಕಲ್ಲಿನಲ್ಲಿ ನಮ್ಮ ಹೊಲಮನೆಗಳು ಬಹುಮಾನದ ಸಾಮಾನಾಗಿ ಎಣಿಕೆಗೊಂಡಿವೆ. ನಮ್ಮ ಪೂರ್ವಿಕರನ್ನು ಯಾರೂ ಕೇಳಿರಲಾರರು.

ಮಾತು ಬಂದದ್ದರಿಂದ ಹೇಳುತ್ತೇನೆ. ನಿಮ್ಮಲ್ಲಿ ಹಲವರು ಈಗ ಗುತ್ತಿಗೆದಾರರು, ಪಂಚಾಯತಿ ಸದಸ್ಯರು, ಇಂಜಿನಿಯರರು. ರಸ್ತೆ ಅಗಲಮಾಡುವಾಗ, ಗುಡಿಯ ಜೀರ್ಣೋದ್ಧಾರ ಮಾಡುವಾಗ ಇಂಥ ಕಲ್ಲುಗಳು ಅಡಿಪಾಯಕ್ಕೆ ಹೋಗುವುದನ್ನು, ಬಟ್ಟೆ ಒಗೆಯುವ ಬಂಡೆಯಾಗುವುದನ್ನು ನಾನು ಕಂಡಿದ್ದೇನೆ. ಆ ನೆತ್ತರುಗೊಡಗೆಯ ಹೊಲಗಳು ಯಾರ ಯಾರ ಕೈಸೇರಿ ಎಷ್ಟೋ ಕಾಲವಾಯಿತು, ಉಳಿದದ್ದು ಕಲ್ಲೊಂದೇ. ಅದನ್ನು ನಾಲ್ಕು ಮಾರು ಸರಿಸಿ ನೆಟ್ಟಗೆ ನಿಲ್ಲಿಸಲು ಅರ್ಧ ದಿನದ ಕೂಲಿ ಸಾಕು. ಅಕ್ಷರವಿದ್ದರೆ ಅದರ ಮೇಲೆ ಬಣ್ಣ ಬಳಿಯದಿರಿ.

ಈಗ ಬಾದಾಮಿಗೆ ಬರೋಣ. ಅಗಸ್ತ್ಯತೀರ್ಥದ ಈಶಾನ್ಯಕ್ಕೆ ತಟ್ಟುಕೋಟೆಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ ಕ್ರಿ.ಶ. 700ರ ಸುಮಾರಿನದು, ಕನ್ನಡದ ಅತ್ಯಂತ ಹಳೆಯ ತ್ರಿಪದಿಗಳು ಅಲ್ಲಿವೆ. ಒಳ್ಳೆಯವರಿಗೆ ಒಳ್ಳೆಯವನು, ಮಧುರರಿಗೆ ಮಧುರನು, ಪೀಡಿಸುವವರಿಗೆ ಮಾತ್ರ ಮಹಾಭಯಂಕರನು ಎಂಬುದು ಅಲ್ಲಿ ಅವನ ವರ್ಣನೆಯ ಸಾರ. ಮಾನಭಂಗಕ್ಕಿಂತ ಮರಣ ಮೇಲು ಎಂಬ ಆಶಯವೂ ಇದೆ. ಗ್ರೀಕ್ ಬಲ್ಲ ಯಾರಿಗೇ ಇದನ್ನು ಓದಿ ಹೇಳಿ, ಇದು ನಮ್ಮ ಅಖಿಲೀಸನ, ಏಜಾಕ್ಸನ ನೀತಿಯೇ ಎಂದಾರು. ಗೆಳೆಯನಿಗೆ ಹಿತ, ಹಗೆಗೆ ಕೇಡು. ಹಳೆಯ ಗ್ರೀಕರಲ್ಲಿ ಗಂಡಸುತನದ ವ್ಯಾಖ್ಯೆ ಇದೇ ಆಗಿತ್ತು. ನೇರವಾದ, ಗಟ್ಟಿಯಾದ ನೀತಿ. ಆದರೆ ಶತ್ರು ಸತ್ತು ಬಿದ್ದ ಮೇಲೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ವೀರಗಲ್ಲುಗಳೂ ಹೇಳುವುದಿಲ್ಲ. ಅಲ್ಲಿ ಶತ್ರುಗಳು ವೀರನ ಕಾಲಡಿಯಲ್ಲಿ ಬಿದ್ದ ಹೆಸರಿಲ್ಲದ ಮೈಗಳು.

ಸೋಫೋಕ್ಲೀಸನ ‘ಏಜಾಕ್ಸ್’ ನಾಟಕ ಹಿಡಿದದ್ದು ಈ ಎಳೆಯನ್ನೇ. ಸತ್ತ ಅಖಿಲೀಸನ ಆಯುಧಗಳು ತನಗೆ ಬರದೆ ಒಡಿಸ್ಸಿಯಸ್‌ನ ಪಾಲಾದವೆಂಬ ಅಪಮಾನದಿಂದ ಏಜಾಕ್ಸ್ ಇರುಳಲ್ಲಿ ಕತ್ತಿ ಹಿರಿದು ತನ್ನವರನ್ನೇ ಕೊಲ್ಲಲು ಹೊರಡುತ್ತಾನೆ. ದೇವಿ ಅಥೀನಾ ಅವನ ಬುದ್ಧಿಗೆ ಮಂಕು ಕವಿಸುತ್ತಾಳೆ. ಅವನು ಕಡಿದು ಹಾಕಿದ್ದು ಸೈನ್ಯದ ದನಕುರಿಗಳನ್ನು. ಬೆಳಕು ಹರಿದಾಗ ನಾಚಿಕೆ ತಾಳಲಾರದೆ, ಹೆಕ್ಟರ್ ಹಿಂದೊಮ್ಮೆ ಕೊಡುಗೆಯಾಗಿತ್ತ ಕತ್ತಿಯನ್ನೇ ನೆಲಕ್ಕೆ ನೆಟ್ಟು ಅದರ ಮೇಲೆ ಬೀಳುತ್ತಾನೆ. ಅರಸರು ಶವಸಂಸ್ಕಾರ ಕೂಡದೆಂದು ಆಜ್ಞೆ ಮಾಡುತ್ತಾರೆ. ಆಗ ಸತ್ತವನ ಪರವಾಗಿ ವಾದಿಸಿ ಮಣ್ಣು ಕೊಡಿಸುವವನು ಅವನ ಪರಮವೈರಿ ಒಡಿಸ್ಸಿಯಸ್. ಇವನಿಗಾದದ್ದು ನಾಳೆ ನನಗೂ ಆಗಬಹುದು ಎಂಬ ಅರಿವು ಅವನದು.

ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ಈ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ಒಗ್ಗಿಸಿದರು. 1935ರಲ್ಲಿ ಈಸ್ಕಿಲಸನ ‘ಪರ್ಷಿಯನ್ನರು’ ನಾಟಕವನ್ನು ‘ಪಾರಸಿಕರು’ ಎಂದು ತಂದರು. ಅದೂ ಗೆದ್ದ ಗ್ರೀಕರು ಸೋತ ಶತ್ರುವಿನ ಅರಮನೆಯ ಅಳಲನ್ನು ತಮ್ಮ ರಂಗದ ಮೇಲೆ ತಂದ ನಾಟಕವೇ. ಶ್ರೀಯವರಿಗೆ ಗ್ರೀಕ್ ಮಾದರಿಯ ದುರಂತನಾಯಕ ಕನ್ನಡದಲ್ಲಿಯೇ ಸಿಕ್ಕಿದ್ದನೆಂಬುದನ್ನು ನಾವು ಬಾಗಲಕೋಟೆ ಜಿಲ್ಲೆಯವರು ಮರೆಯಬಾರದು. ಅವನು ನಮ್ಮ ಮುಧೋಳದ, ಅಂದಿನ ಮುದುವೊಳಲಿನ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ದುರ್ಯೋಧನ. ಚಾಲುಕ್ಯ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಸಮೀಕರಿಸಿ ಬರೆದ ಗದಾಯುದ್ಧದಲ್ಲಿ ಭೀಮನೇ ನಾಯಕನಾಗಬೇಕು. ರಾಜನ ಅನ್ನ ಉಂಡ ಕವಿ ಭೀಮನನ್ನು ಹೊಗಳಿಯೂ ಇದ್ದಾನೆ. ಆದರೆ ಓದಿದವರ ಮನಸ್ಸಿನಲ್ಲಿ ನಿಲ್ಲುವವನು ಸೋಲುವವನು. ಶ್ರೀಯವರು ರನ್ನನ ಮಾತುಗಳನ್ನೇ ಆಯ್ದು ಜೋಡಿಸಿ ‘ಗದಾಯುದ್ಧ ನಾಟಕಂ’ ಮಾಡಿದ್ದು ಈ ಕಾರಣಕ್ಕೆ.

ರನ್ನನ ದುರ್ಯೋಧನ ಸಂಜಯನ ಕೈಹಿಡಿದು ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ಮೊದಲು ಗುರು ದ್ರೋಣನ ಶವ. ಆಮೇಲೆ ಅಭಿಮನ್ಯು, ಹಗೆಯ ಮಗ, ಅನೇಕರು ಒಟ್ಟುಗೂಡಿ ಕೊಂದ ಹುಡುಗ. ದುರ್ಯೋಧನ ಅಲ್ಲಿ ನಿಂತು ಕೈಮುಗಿಯುತ್ತಾನೆ. ನಿನ್ನ ಸಾಹಸದ ಒಂದಂಶವಾದರೂ ನಮಗಿದ್ದು ನಿನ್ನಂತೆ ಸಾಯುವ ಭಾಗ್ಯ ನಮಗೂ ಒದಗಲಿ ಎಂದು ಬೇಡುತ್ತಾನೆ. ಪಾಂಡವರ ಪಾಳೆಯದಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲ, ಆದ್ದರಿಂದ ಅದು ಬೂಟಾಟಿಕೆಯ ಮಾತಲ್ಲ. ಪ್ರಯಾಮನ ಮುಂದೆ ಅಖಿಲೀಸ್ ಅತ್ತದ್ದಕ್ಕೂ ಏಜಾಕ್ಸನಿಗೆ ಒಡಿಸ್ಸಿಯಸ್ ಮಣ್ಣು ಕೊಡಿಸಿದ್ದಕ್ಕೂ ಕನ್ನಡದಲ್ಲಿ ಸರಿಸಾಟಿ ಈ ಒಂದು ಪದ್ಯ ಎಂಬುದು ನನ್ನ ತೀರ್ಮಾನ.

ಅಲ್ಲಿಂದ ಮುಂದೆ ಹೋದರೆ ಅವನ ಸ್ವಂತ ಮಗ ಲಕ್ಷಣಕುಮಾರ ಬಿದ್ದಿದ್ದಾನೆ. ತಂದೆಗೆ ಮಗ ಜಲಾಂಜಲಿ ಕೊಡಬೇಕಾದ್ದು ಲೋಕದ ಕ್ರಮ, ನೀನು ಅದನ್ನು ತಿರುವುಮುರುವು ಮಾಡಿದೆಯಲ್ಲ ಎಂದು ಆ ಅರಸ ಹೆಣದ ಮುಂದೆ ನಿಂತು ಕೇಳುತ್ತಾನೆ.